ಬೋರ್ಡಿನ ಹೆಸರು ಆಮೇಲೆ ಕೇಳೋಣ

ಮಗನಿಗೆ ವಿದ್ಯಾನಗರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕ ವಾರವೇ ನವಲಗುಂದದ ಕಡೆಯ ರೈತರೊಬ್ಬರು ಅವನನ್ನು ಕರೆದುಕೊಂಡು ನಮ್ಮ ಅಂಗಡಿಗೆ ಬಂದಿದ್ದರು. ಹುಡುಗನ ಫೋನಿನಲ್ಲಿ ನಾಲ್ಕು ಮದರ್‌ಬೋರ್ಡ್‌ಗಳ (ಪ್ರೊಸೆಸರ್, ರ‍್ಯಾಮ್ ಎಲ್ಲ ಕೂರುವ ಮುಖ್ಯ ಹಲಗೆ) ಚಿತ್ರ: ಆಸುಸ್, ಗಿಗಾಬೈಟ್, ಎಂಎಸ್‌ಐ, ಆಸ್‌ರಾಕ್. ಅಪ್ಪ ಕೇಳಿದ್ದು ಒಂದೇ ಮಾತು. "ಸರ, ಈ ನಾಲ್ಕರಾಗ ಯಾವ ಕಂಪನಿ ಚಲೋ ಐತಿ ಹೇಳ್ರಿ, ಅದನ್ನ ಹಾಕಿಬಿಡ್ರಿ."

"ಯಜಮಾನ್ರ, ಬೀಜ ತರೂ ಮುಂದ ಕಂಪನಿ ಹೆಸರಿಗಿಂತ ಮೊದಲ ಹೊಲ ಎರಿಯೋ ಮಸಾರಿಯೋ ನೋಡ್ತೀರಲ್ಲ, ಇದೂ ಹಂಗ ರೀ" ಎಂದೆ. ಹದಿನೆಂಟು ವರ್ಷದಿಂದ ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಅಸೆಂಬಲ್ ಮಾಡುತ್ತಿದ್ದೇನೆ, ಕೆಟ್ಟು ಬಂದವನ್ನು ಬಿಚ್ಚಿಯೂ ನೋಡುತ್ತೇನೆ. ಎರಡು ಕಂಪನಿಗಳ ನಡುವಿನ ಅಂತರಕ್ಕಿಂತ, ಒಂದೇ ಕಂಪನಿಯ 7,000 ರೂಪಾಯಿಯ ಬೋರ್ಡಿಗೂ 13,000 ರೂಪಾಯಿಯ ಬೋರ್ಡಿಗೂ ಇರುವ ಅಂತರ ದೊಡ್ಡದು. ಇದನ್ನು ದಿನಾ ಹೇಳುತ್ತೇನೆ, ಆದರೂ ಮೊದಲ ಪ್ರಶ್ನೆ ಕಂಪನಿಯದ್ದೇ ಇರುತ್ತದೆ.

ನಾಲ್ಕೂ ತೈವಾನಿನ ಕಂಪನಿಗಳು. ಗಿಗಾಬೈಟ್ ಮತ್ತು ಎಂಎಸ್‌ಐ ಹುಟ್ಟಿದ್ದು 1986ರಲ್ಲಿ, ಆಸುಸ್ 1989ರಲ್ಲಿ. ಆಸ್‌ರಾಕ್ 2002ರಲ್ಲಿ ಆಸುಸ್ ಮನೆಯಿಂದಲೇ ಬೇರೆಯಾಗಿ ಬಂದದ್ದು. ಯಾರ ಬೋರ್ಡ್ ಕೊಂಡರೂ ಅದರ ಮೇಲಿನ ಚಿಪ್‌ಸೆಟ್ (ಪ್ರೊಸೆಸರನ್ನು ಬೋರ್ಡಿನ ಉಳಿದ ಭಾಗಗಳಿಗೆ ಜೋಡಿಸುವ ಚಿಪ್) ಪ್ರೊಸೆಸರ್ ಕಂಪನಿಗಳಾದ ಇಂಟೆಲ್ ಇಲ್ಲವೇ ಎಎಂಡಿ ಹೆಸರಿನದು, ಧ್ವನಿ ಮತ್ತು ನೆಟ್‌ವರ್ಕ್ ಚಿಪ್ ಬಹಳಷ್ಟು ಬೋರ್ಡ್‌ಗಳಲ್ಲಿ ರಿಯಲ್‌ಟೆಕ್‌ನದು. ಎಎಂಡಿಯ ಬಿ650 ಚಿಪ್‌ಸೆಟ್ ರೂಪಿಸಿದ್ದು ಆಸುಸ್ ಬಳಗದ ಎಎಸ್‌ಮೀಡಿಯಾ. ಹಾಗಾಗಿ ಹಟ ಹಿಡಿದು ಎಂಎಸ್‌ಐನ ಬಿ650 ಬೋರ್ಡ್ ಒಯ್ದವರ ಮನೆಗೂ ಆಸುಸ್ ಬಳಗದ ಚಿಪ್ಪೇ ಹೋಗಿರುತ್ತದೆ. ಕಂಪನಿ ಸ್ವಂತ ಕೆಲಸ ತೋರಿಸುವುದು ಮುಖ್ಯವಾಗಿ ಮೂರು ಕಡೆ: ಪ್ರೊಸೆಸರಿಗೆ ಕರೆಂಟ್ ಒದಗಿಸುವ ಭಾಗ, ಬಯೋಸ್ (ಆನ್ ಮಾಡಿದಾಗ ಯಂತ್ರವನ್ನು ಎಬ್ಬಿಸುವ, ಬೋರ್ಡಿನಲ್ಲೇ ಇರುವ ತಂತ್ರಾಂಶ), ಮಾರಿದ ಮೇಲಿನ ಸೇವೆ.

ಮೊದಲನೆಯದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಯಾಕೆಂದರೆ ಜನ ಮೋಸಹೋಗುವುದು ಇಲ್ಲಿಯೇ. ಕ್ಯಾಬಿನೆಟ್ಟಿನೊಳಗಿನ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ ಬರುವುದು 12 ವೋಲ್ಟ್. ಪ್ರೊಸೆಸರಿಗೆ ಬೇಕಾದದ್ದು ಹೆಚ್ಚುಕಡಿಮೆ 1.2 ವೋಲ್ಟ್. ಹೀಗೆ ಇಳಿಸಿಕೊಡುವ ಭಾಗಕ್ಕೆ ವಿಆರ್‌ಎಂ ಎನ್ನುತ್ತಾರೆ. ಪ್ರೊಸೆಸರ್ ಕೂರುವ ಸಾಕೆಟ್ಟಿನ ಪಕ್ಕದಲ್ಲಿ ಸಾಲಾಗಿ ಕೂತಿರುವ ಚೌಕ ಕಾಯಿಲ್‌ಗಳು ಮತ್ತು ಕಪ್ಪು ಚಿಪ್‌ಗಳು ಅವೇ. ಪ್ರೊಸೆಸರ್ 180 ವ್ಯಾಟ್ ಎಳೆಯಿತು ಅನ್ನಿ, 1.2 ವೋಲ್ಟಿನಲ್ಲಿ ಅದು 150 ಆಂಪಿಯರ್ ಆಗುತ್ತದೆ. ಅಷ್ಟು ಕರೆಂಟನ್ನು ಅಂಗೈಯಗಲದ ಜಾಗ ಹೊರಬೇಕು. ಅಮರಗೋಳದ ಎಪಿಎಂಸಿಯಲ್ಲಿ ಹಮಾಲರು ಸರದಿಯ ಮೇಲೆ ಚೀಲ ಹೊರುವುದನ್ನು ನೋಡಿದ್ದೀರಲ್ಲ, ವಿಆರ್‌ಎಂನ ಫೇಸ್‌ಗಳೂ (ಕಾಯಿಲ್ ಮತ್ತು ಚಿಪ್ ಸೇರಿದ ಒಂದೊಂದು ಘಟಕ) ಹಾಗೆಯೇ ಸರದಿಯಲ್ಲಿ ದುಡಿಯುತ್ತವೆ. ಎಂಟು ಮಂದಿ ಇದ್ದರೆ ಒಬ್ಬೊಬ್ಬರಿಗೂ ಉಸಿರಾಡಲು ಪುರುಸೊತ್ತು ಸಿಗುತ್ತದೆ. ನಾಲ್ಕೇ ಮಂದಿ ಇದ್ದು, ಮೇಲೆ ಹೀಟ್‌ಸಿಂಕ್ (ಶಾಖ ಹೀರಿ ಹೊರಹಾಕುವ ಲೋಹದ ತುಂಡು) ಎಂಬ ನೆರಳೂ ಇಲ್ಲದಿದ್ದರೆ ಬೇಗ ಸೋಲುತ್ತಾರೆ.

ಪ್ರೊಸೆಸರಿನ ವಿವರದಲ್ಲಿ ಕಾಣುವ 65 ವ್ಯಾಟ್ ಎಂಬ ಅಂಕಿ ಪೂರ್ತಿ ಕಥೆ ಹೇಳುವುದಿಲ್ಲ. ಇಂಟೆಲ್‌ನ ಐ5-12400 ಗರಿಷ್ಠ 117 ವ್ಯಾಟ್ ತನಕ ಹೋಗುತ್ತದೆ. ಐ7-14700ಕ್ಕೂ ಬರೆದಿರುವುದು ಅದೇ 65, ಆದರೆ ಅದರ ಗರಿಷ್ಠ 219 ವ್ಯಾಟ್. ಸಾಕೆಟ್ ಎರಡಕ್ಕೂ ಒಂದೇ ಆದ್ದರಿಂದ ಎಚ್610 ಚಿಪ್‌ಸೆಟ್ಟಿನ ಅಗ್ಗದ ಬೋರ್ಡಿನಲ್ಲಿ ಎರಡೂ ಕೂರುತ್ತವೆ. ಕೂತ ಮಾತ್ರಕ್ಕೆ ಎರಡೂ ಒಂದೇ ರೀತಿ ಓಡುತ್ತವೆ ಎಂದುಕೊಳ್ಳಬೇಡಿ.

ಗದಗಿನಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವ ಗೆಳೆಯರೊಬ್ಬರು ಬೇರೆ ಕಡೆ ಕಟ್ಟಿಸಿದ ಪಿಸಿಯನ್ನು ಏಪ್ರಿಲ್ ತಿಂಗಳಲ್ಲಿ ತಂದರು. ಐ7 ಪ್ರೊಸೆಸರ್, ದೊಡ್ಡ ಹೆಸರಿನ ಕಂಪನಿಯ ಎಚ್610 ಬೋರ್ಡ್. ರೆಂಡರ್ (ಎಡಿಟ್ ಮಾಡಿದ್ದನ್ನು ಅಂತಿಮ ವಿಡಿಯೊ ಫೈಲ್ ಮಾಡುವ ಕೆಲಸ) ಹಚ್ಚಿದ ಹತ್ತು ನಿಮಿಷಕ್ಕೆ ಯಂತ್ರ ಕುಂಟತೊಡಗುತ್ತಿತ್ತು. ಕೂಲರ್ ಬದಲಿಸಿದ್ದರು, ವಿಂಡೋಸ್ ಎರಡು ಸಲ ಹಾಕಿಸಿದ್ದರು. "ಈ ಕಂಪನಿ ಬೋರ್ಡೇ ಸುಮಾರ ಅದಾವ್ರಿ" ಎಂದು ತೀರ್ಪನ್ನೂ ಕೊಟ್ಟಾಗಿತ್ತು. ಕ್ಯಾಬಿನೆಟ್ ತೆಗೆದು ನೋಡಿದರೆ ವಿಆರ್‌ಎಂ ಮೇಲೆ ಹೀಟ್‌ಸಿಂಕೇ ಇಲ್ಲ. ಅದು ಕಾದಂತೆಲ್ಲ ಬೋರ್ಡ್ ತನ್ನನ್ನು ಉಳಿಸಿಕೊಳ್ಳಲು ಪ್ರೊಸೆಸರಿನ ವೇಗವನ್ನು ಅರ್ಧಕ್ಕೂ ಕೆಳಗೆ ಇಳಿಸುತ್ತಿತ್ತು. ಅದೇ ಕಂಪನಿಯ, ದಪ್ಪ ಹೀಟ್‌ಸಿಂಕ್ ಇರುವ ಬಿ760 ಬೋರ್ಡ್ ಹಾಕಿದೆ. ಪ್ರೊಸೆಸರ್ ಅದೇ, ಬಿಸಿಲೂ ಅದೇ. ರಾತ್ರಿಯಿಡೀ ರೆಂಡರ್ ಆದರೂ ವೇಗ ಇಳಿಯಲಿಲ್ಲ.

ಅದಕ್ಕೇ ನಾನು ಮೊದಲು ಪ್ರೊಸೆಸರ್ ಗೊತ್ತು ಮಾಡಿ ಎನ್ನುವುದು. ಬಿಲ್ಲಿಂಗ್, ಟ್ಯಾಲಿ, ನುಡಿ ಟೈಪಿಂಗ್‌ಗೆ ಐ3 ಇಲ್ಲವೇ ಐ5 ಹಾಕುವವರಿಗೆ ಎಚ್610 ಸಾಕು, ಅದಕ್ಕಿಂತ ಹೆಚ್ಚು ಹಣ ಸುರಿಯುವುದು ದಂಡ. ಎಚ್610ರಲ್ಲಿ ರ‍್ಯಾಮ್ ಸ್ಲಾಟ್ ಎರಡೇ ಇರುತ್ತವೆ ಎಂಬುದು ನೆನಪಿರಲಿ.

ಮುಂದೆ ಪ್ರೊಸೆಸರ್ ಬದಲಿಸುವ ಆಸೆ ಇದ್ದವರು ಸಾಕೆಟ್ಟಿನ ಆಯುಷ್ಯ ನೋಡಬೇಕು. ಇಂಟೆಲ್‌ನ ಎಲ್‌ಜಿಎ1700ರಲ್ಲಿ 12, 13, 14ನೇ ತಲೆಮಾರು ಕೂತವು. 2024ರ ಕೊನೆಗೆ ಬಂದ ಕೋರ್ ಅಲ್ಟ್ರಾ 200ಕ್ಕೆ ಸಾಕೆಟ್ಟೇ ಬೇರೆ. ಎಎಂಡಿಯ ಎಎಂ5 ಸಾಕೆಟ್ 2022ರಲ್ಲಿ ಬಂತು, 2027ರವರೆಗೂ ಅದರಾಚೆಗೂ ನಡೆಸುತ್ತೇವೆ ಎಂದು ಕಂಪನಿ ಹೇಳಿದೆ. ಎಎಂ5ರಲ್ಲಿ ಡಿಡಿಆರ್5 ರ‍್ಯಾಮ್ ಮಾತ್ರ ಕೂರುತ್ತದೆ. ಬಿ760 ಬೋರ್ಡ್‌ಗಳಲ್ಲಿ ಡಿಡಿಆರ್4ರವೂ ಇವೆ, ಡಿಡಿಆರ್5ರವೂ ಇವೆ, ಹೆಸರಿನ ಕೊನೆಯಲ್ಲಷ್ಟೇ ವ್ಯತ್ಯಾಸ. ತಪ್ಪು ರ‍್ಯಾಮ್ ತಂದು ಪೆಚ್ಚುಮೋರೆ ಹಾಕಿಕೊಂಡು ಮರಳಿದವರನ್ನು ಬಹಳ ನೋಡಿದ್ದೇನೆ.

ಕಂಪನಿಗಳನ್ನು ತೂಗಿ ನೋಡಲು ನಾನು ಬಳಸುವ ಅಳತೆ ಬಯೋಸ್. 2023ರಲ್ಲಿ ಎಎಂಡಿಯ ರೈಜನ್ 7000 ಎಕ್ಸ್3ಡಿ ಪ್ರೊಸೆಸರುಗಳು ಕೆಲವು ಬೋರ್ಡ್‌ಗಳ ಮೇಲೆ ಸುಟ್ಟವು. ಪ್ರೊಸೆಸರಿನ ಒಂದು ಭಾಗಕ್ಕೆ ಹೋಗುವ ಎಸ್‌ಒಸಿ ವೋಲ್ಟೇಜಿಗೆ ಎಎಂಡಿ 1.3 ವೋಲ್ಟಿನ ಮಿತಿ ಹಾಕಿತು, ಬೋರ್ಡ್ ಕಂಪನಿಗಳೆಲ್ಲ ಹೊಸ ಬಯೋಸ್ ಬಿಡಬೇಕಾಯಿತು. 2024ರ ಆಗಸ್ಟ್‌ನಲ್ಲಿ ಇಂಟೆಲ್‌ನ 13, 14ನೇ ತಲೆಮಾರಿನ ಪ್ರೊಸೆಸರುಗಳ ಅಸ್ಥಿರತೆಗೆ ಬಂದ ಪರಿಹಾರವೂ ಬಯೋಸ್ ಮೂಲಕವೇ ಜನರ ಯಂತ್ರ ತಲುಪಿತು. ಕೊಳ್ಳುವ ಮುಂಚೆ ಆ ಮಾದರಿಯ ಸಪೋರ್ಟ್ ಪುಟ ತೆರೆದು ಕೊನೆಯ ಬಯೋಸ್ ಯಾವ ತಿಂಗಳಿನದು ನೋಡಿ. ಕಂಪನಿಯ ದುಬಾರಿ ಬೋರ್ಡಿನ ಪುಟ ನೋಡಿ ಸಮಾಧಾನಪಡಬೇಡಿ, ನೀವು ಕೊಳ್ಳುವ ಮಾದರಿಯದ್ದೇ ನೋಡಿ. ನಮ್ಮ ಕಡೆ ಬೋರ್ಡ್‌ಗಳು ಕಪಾಟಿನಲ್ಲೇ ವರ್ಷ ಕಳೆಯುವುದುಂಟು, ಹಳೆಯ ಬಯೋಸಿಗೆ ಹೊಸ ಪ್ರೊಸೆಸರಿನ ಗುರುತು ಹತ್ತುವುದಿಲ್ಲ. ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯೋಸ್ ಏರಿಸುವ ಗುಂಡಿ ಹಿಂಬದಿಯಲ್ಲಿದ್ದರೆ ಅದಕ್ಕೆ ಐನೂರು ರೂಪಾಯಿ ಹೆಚ್ಚು ಕೊಟ್ಟರೂ ತಪ್ಪಿಲ್ಲ.

ನನ್ನ ಮೇಜಿಗೆ ಬರುವ ಸತ್ತ ಬೋರ್ಡ್‌ಗಳಲ್ಲಿ ಹೆಚ್ಚಿನವು ಕಂಪನಿಯ ತಪ್ಪಿನಿಂದ ಸತ್ತವಲ್ಲ. ಅಡ್ಡಮಳೆಯ ಗುಡುಗು-ಸಿಡಿಲಿನ ಮರುದಿನ ಲ್ಯಾನ್ ಪೋರ್ಟ್ ಹೋದ ಬೋರ್ಡ್‌ಗಳು ಬರುತ್ತವೆ, ಮಾಳಿಗೆ ಮೇಲಿಂದ ಇಳಿದು ಆ ಪೋರ್ಟಿಗೆ ಬರುವ ಇಂಟರ್‌ನೆಟ್ ಕೇಬಲ್ಲೇ ಸಿಡಿಲಿನ ದಾರಿ. ಬ್ಯಾಡಗಿಯ ಅಂಗಡಿಗಳಿಂದ ಬರುವವುಗಳ ಫ್ಯಾನು, ಹೀಟ್‌ಸಿಂಕುಗಳ ತುಂಬ ಮೆಣಸಿನಕಾಯಿ ಧೂಳು. ಇವೆಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡುವುದು ಅರ್ಥಿಂಗ್. ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ, ಅರ್ಥ್ ರಾಡಿನಿಂದ ಮಣ್ಣು ದೂರ ಸರಿಯುತ್ತದೆ, ಹಾಗಾದಾಗ ಅರ್ಥಿಂಗ್ ಇದ್ದೂ ಇಲ್ಲದಂತೆ. ಮಲ್ಟಿಮೀಟರಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು-ಮೂರು ವೋಲ್ಟ್ ಮೀರಿದರೆ ಎಲೆಕ್ಟ್ರಿಷಿಯನ್‌ರನ್ನು ಕರೆಸಿ. ಬೇಸಿಗೆಯಲ್ಲಿ ಅರ್ಥ್ ರಾಡ್ ಹೂತ ಗುಂಡಿಗೆ ಆಗಾಗ ನೀರು ಹಾಕಿ.

ಇನ್ನು ವಾರಂಟಿ. ನಮ್ಮ ದೇಶದಲ್ಲಿ ಬೋರ್ಡಿಗೆ ಸಾಮಾನ್ಯವಾಗಿ ಮೂರು ವರ್ಷ. ಬಿಲ್ ಇಲ್ಲದಿದ್ದರೆ ಸೀರಿಯಲ್ ನಂಬರ್ ನೋಡಿ ತಯಾರಾದ ದಿನದಿಂದ ಲೆಕ್ಕ ಹಾಕುವುದುಂಟು, ಆಗ ಕಪಾಟಿನಲ್ಲಿ ಕಳೆದ ತಿಂಗಳುಗಳೂ ನಿಮ್ಮ ಪಾಲಿನಿಂದಲೇ ಹೋಗುತ್ತವೆ. ಸಾಕೆಟ್ಟಿನ ಪಿನ್ ಬಾಗಿದ್ದರೆ, ಸುಟ್ಟ ಕಲೆ ಇದ್ದರೆ ವಾರಂಟಿ ಸಿಗುವುದಿಲ್ಲ. ಇಂಟೆಲ್ ಬೋರ್ಡ್‌ಗಳಲ್ಲಿ ಪಿನ್ನುಗಳು ಬೋರ್ಡಿನ ಮೇಲೆಯೇ ಇದ್ದವು, ಎಎಂ5 ಬಂದ ಮೇಲೆ ಎಎಂಡಿಯಲ್ಲೂ ಹಾಗೆಯೇ. ಆದ್ದರಿಂದ ಡಬ್ಬಿ ಒಡೆದ ಕೂಡಲೇ ಅಂಗಡಿಯವರ ಮುಂದೆಯೇ ಸಾಕೆಟ್ಟಿನ ಫೋಟೊ ತೆಗೆದುಕೊಳ್ಳಿ. ಸಾಕೆಟ್ಟಿನ ಪ್ಲಾಸ್ಟಿಕ್ ಮುಚ್ಚಳ ಎಸೆಯಬೇಡಿ, ವಾರಂಟಿಗೆ ಕಳಿಸುವಾಗ ಅದನ್ನು ಹಾಕಿಯೇ ಕಳಿಸಬೇಕು. ಬೋರ್ಡ್ ಕೆಟ್ಟರೆ ಹುಬ್ಬಳ್ಳಿಯಲ್ಲೇ ತೆಗೆದುಕೊಳ್ಳುತ್ತಾರೋ, ಬೆಂಗಳೂರಿಗೆ ಹೋಗಬೇಕೋ, ಹೋದರೆ ಕಳಿಸುವ ಖರ್ಚು ಯಾರದು, ಈ ಮೂರನ್ನು ದುಡ್ಡು ಕೊಡುವ ಮುಂಚೆ ಕೇಳಿ. ದುಬೈನಲ್ಲಿರುವ ಸಂಬಂಧಿಕರು ಅಗ್ಗವಾಗಿ ತಂದುಕೊಟ್ಟ ಬೋರ್ಡಿಗೆ ಇಲ್ಲಿ ವಾರಂಟಿ ಸಿಗದೆ ಹೋಗಬಹುದು.

ನವಲಗುಂದದ ಹುಡುಗನಿಗೆ ರೈಜನ್ 5 7600 ಗೊತ್ತು ಮಾಡಿದೆವು. ಕೋಡಿಂಗ್, ಸ್ವಲ್ಪ ಕ್ಯಾಡ್, ನಾಲ್ಕು ವರ್ಷದ ಓದು, ಆಮೇಲೆ ಅದೇ ಬೋರ್ಡಿನ ಮೇಲೆ ಇನ್ನೂ ದೊಡ್ಡ ಪ್ರೊಸೆಸರ್ ಕೂರಿಸಬಹುದು. ನಾಲ್ಕು ರ‍್ಯಾಮ್ ಸ್ಲಾಟ್, ವಿಆರ್‌ಎಂ ಮೇಲೆ ಹೀಟ್‌ಸಿಂಕ್, ಬಯೋಸ್ ಗುಂಡಿ ಇರುವ ಬಿ650 ಬೋರ್ಡ್‌ಗಳನ್ನು ಹುಡುಕಿದಾಗ ಅವನ ಬಜೆಟ್ಟಿನಲ್ಲಿ ಉಳಿದದ್ದು ಎರಡು. ಒಂದು ಎಂಎಸ್‌ಐ, ಒಂದು ಗಿಗಾಬೈಟ್. ಎರಡರ ಬಯೋಸ್ ಪುಟವೂ ತಾಜಾ ಇತ್ತು. ಗಿಗಾಬೈಟಿನದು ಆ ದಿನ 700 ರೂಪಾಯಿ ಕಡಿಮೆ ಇತ್ತು, ಅದನ್ನೇ ಹಾಕಿದೆ. ಉಳಿದ ದುಡ್ಡಿಗೆ ಇನ್ನಷ್ಟು ಸೇರಿಸಿ ಯುಪಿಎಸ್ ತಗೊಳ್ಳಿ ಎಂದೆ. ಯಜಮಾನರು ಒಪ್ಪಿದರು. ಮರುದಿನ ಹುಡುಗನ ರೂಮಿಗೆ ಹೋಗಿ ಮೀಟರ್ ಹಚ್ಚಿದಾಗ ಅರ್ಥಿನಲ್ಲಿ ಹನ್ನೊಂದು ವೋಲ್ಟ್ ತೋರಿಸಿತು. ಮನೆ ಮಾಲೀಕರನ್ನು ಕರೆದು ಅದನ್ನು ಸರಿಮಾಡಿಸಿದ ಮೇಲೆಯೇ ಪಿಸಿ ಆನ್ ಮಾಡಿದೆವು.