ಅಮೋನಿಯಾ ಅಳೆದಿರಿ, ಪಿಎಚ್ ನೋಡಿದಿರಾ?

ಟ್ಯಾಂಕ್ ಮನೆಗೆ ಬಂದ ದಿನವೇ ಮೀನೂ ಬಂದಿರುತ್ತದೆ. ಖಾಲಿ ಟ್ಯಾಂಕನ್ನೇ ತಿಂಗಳುಗಟ್ಟಲೆ ಓಡಿಸಿ, ಆಮೇಲೆ ಮೀನು ಬಿಡಿ ಅಂತ ನಾನು ಹೇಳಬಹುದು. ಆದರೆ ಮಕ್ಕಳಿರುವ ಮನೆಯಲ್ಲಿ ಅದು ನಡೆಯುವ ಮಾತಲ್ಲ. ವಾರದೊಳಗೆ ಫೋನ್ ಬರುತ್ತದೆ: "ಸಾರ್, ಗೋಲ್ಡ್ ಫಿಶ್ ಮೇಲೆ ಬಂದು ಬಾಯಿ ಬಿಡ್ತಾ ಇದೆ. ನೀರು ನೋಡಿದ್ರೆ ಕನ್ನಡಿ ಥರ ಇದೆ!"

ನೀರು ತಿಳಿಯಾಗಿದ್ದ ಮಾತ್ರಕ್ಕೆ ಅಮೋನಿಯಾ, ಅಂದರೆ ಮೀನೇ ಹೊರಬಿಟ್ಟು ಮೀನಿಗೇ ವಿಷವಾಗುವ ತ್ಯಾಜ್ಯ, ಇಲ್ಲವೆಂದಲ್ಲ. ಅದಕ್ಕೆ ಬಣ್ಣವಿಲ್ಲ. ಮೀನು ಅದನ್ನು ಬಹುಪಾಲು ಕಿವಿರಿನಿಂದಲೇ ಹೊರಬಿಡುತ್ತದೆ. ತಳದ ಕಸ ಎಷ್ಟೇ ಎತ್ತಿದರೂ ನಿಲ್ಲದು. ಅಮೋನಿಯಾವನ್ನು ನೈಟ್ರೈಟ್ ಆಗಿ, ಬಳಿಕ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಹೊಸ ಫಿಲ್ಟರಿನಲ್ಲಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಫಿಲ್ಟರಿನ ಕೆಲಸ ನಿಮ್ಮದೇ.

ಅಮೋನಿಯಾ ಪರೀಕ್ಷಿಸುವ ಕಿಟ್ ತಂದು ಅಳೆಯುವವರೂ ಎಡವುವುದು ಒಂದು ಕಡೆ. ಹಳದಿ ನೀರು ಹಸಿರಿಗೆ ತಿರುಗುವ ಆ ಕಿಟ್ ತೋರಿಸುವುದು ಒಟ್ಟು ಅಮೋನಿಯಾವನ್ನು. ಅದರಲ್ಲಿ ಎರಡು ರೂಪಗಳಿವೆ. ಅಮೋನಿಯಂ ಮೀನಿಗೆ ಅಷ್ಟಾಗಿ ಕಾಡುವುದಿಲ್ಲ. ಕಿವಿರು ಸುಡುವುದು ಮುಕ್ತ ಅಮೋನಿಯಾ. ಯಾವುದು ಎಷ್ಟು ಎಂಬುದು ಮುಖ್ಯವಾಗಿ ಪಿಎಚ್ (ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬ ಅಳತೆ) ಮೇಲೆ, ಸ್ವಲ್ಪ ಮಟ್ಟಿಗೆ ಶಾಖದ ಮೇಲೆ ನಿಂತಿದೆ. 27 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಮುಕ್ತ ಅಮೋನಿಯಾ ಶೇ. 1ಕ್ಕಿಂತ ಕಡಿಮೆ, ಪಿಎಚ್ 8.2 ಆದರೆ ಸುಮಾರು ಶೇ. 10. ಕಿಟ್ ಎರಡೂ ಕಡೆ 0.5 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ತೋರಿಸಲಿ: ಒಂದು ಮನೆಯಲ್ಲಿ ಮುಕ್ತ ಅಮೋನಿಯಾ 0.003, ಇನ್ನೊಂದರಲ್ಲಿ 0.05ರ ಹತ್ತಿರ. ನಾನು 0.02 ದಾಟಲು ಬಿಡುವುದಿಲ್ಲ. ಗಡಸು ಬೋರ್‌ವೆಲ್ ನೀರಿನ ಪಿಎಚ್ ಸಾಮಾನ್ಯವಾಗಿ ಹೆಚ್ಚು, ಆ ನೀರಿನವರು ಅದಕ್ಕೇ ಹೆಚ್ಚು ಜಾಗ್ರತೆ ವಹಿಸಬೇಕು. ಇಲ್ಲೊಂದು ಮೋಸವಿದೆ: ಆಗಷ್ಟೇ ಎತ್ತಿದ ಬೋರ್ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುವುದರಿಂದ ಪಿಎಚ್ ಕಡಿಮೆ ತೋರಿಸುತ್ತದೆ. ಬಕೆಟ್‌ನಲ್ಲಿ ಏರ್ ಪಂಪ್ ಹಾಕಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಅಳೆಯಿರಿ, ನಿಜ ಅಂಕಿ ಸಿಗುತ್ತದೆ.

ಔಷಧಿಗಿಂತ ಮೊದಲು ಊಟ ಕಡಿಮೆ ಮಾಡಿ. ದೊಡ್ಡ ಮೀನಿಗೆ ದಿನ ಬಿಟ್ಟು ದಿನ ಚಿಟಿಕೆ ಸಾಕು. ಹಸಿದಂತೆ ಗಾಜಿನ ಹತ್ತಿರ ಓಡಿಬರುವುದು ಅವುಗಳ ಅಭ್ಯಾಸ, ಅದಕ್ಕೆ ಕರಗಬೇಡಿ. ಅಂಕಿ ಏರಿದ ದಿನ ಕಾಲು ಭಾಗದಿಂದ ಅರ್ಧದವರೆಗೆ ನೀರು ಬದಲಿಸಿ. ಅರ್ಧ ನೀರು ಹೋದರೆ ಅರ್ಧ ಅಮೋನಿಯಾ ಹೋಯಿತು, ಲೆಕ್ಕ ಅಷ್ಟೇ ಸರಳ. ಹೊಸ ನೀರಿನ ಶಾಖ, ಪಿಎಚ್ ಎರಡೂ ಟ್ಯಾಂಕಿನ ನೀರಿಗೆ ಹತ್ತಿರವಿರಲಿ. ಕಾರ್ಪೊರೇಷನ್ ನೀರಾದರೆ ಆ್ಯಂಟಿ ಕ್ಲೋರಿನ್ ಬೇಕೇ ಬೇಕು. ಆದರೆ ಆ ಹೆಸರಿನಲ್ಲಿ ಅಂಗಡಿಯಲ್ಲಿ ಸಿಗುವ ಥಯೋಸಲ್ಫೇಟ್ ಹರಳು ತೆಗೆಯುವುದು ಕ್ಲೋರಿನ್ನನ್ನು. ಅಮೋನಿಯಾವನ್ನು ಮುಟ್ಟುವುದೇ ಇಲ್ಲ.

ಅಮೋನಿಯಾ ಇಳಿಯಿತೆಂದು ಸಂಭ್ರಮಿಸಿ ಹೊಸ ಮೀನು ತರುವವರನ್ನು ನೈಟ್ರೈಟ್ ಕಾದಿರುತ್ತದೆ. ಅದು ರಕ್ತಕ್ಕೆ ಸೇರಿದರೆ ಆಮ್ಲಜನಕ ಹೊರುವ ಶಕ್ತಿ ಕುಂದಿ, ಕಿವಿರು ಕಂದು ಬಣ್ಣಕ್ಕೆ ತಿರುಗುತ್ತದೆ. ಉಪ್ಪಿನ ಕ್ಲೋರೈಡ್ ಈ ನೈಟ್ರೈಟನ್ನು ಕಿವಿರಿನಲ್ಲೇ ತಡೆಯುತ್ತದೆ. ಗೋಲ್ಡ್ ಫಿಶ್, ಗಪ್ಪಿಗಳಿಗೆ 10 ಲೀಟರಿಗೆ 5 ಗ್ರಾಂ ಸಾಮಾನ್ಯ ಉಪ್ಪನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ ಹಾಕಬಹುದು. ಆದರೆ ಅಮೋನಿಯಾ ಹೀರಲಿ ಎಂದು ಮೊದಲೇ ಜಿಯೋಲೈಟ್ ಕಲ್ಲು ಇಟ್ಟಿದ್ದರೆ ಉಪ್ಪು ಹಾಕುವ ಮುಂಚೆ ಅದನ್ನು ಹೊರಗೆ ತೆಗೆಯಿರಿ. ಉಪ್ಪಿನ ಸೋಡಿಯಂ ತಗುಲಿದರೆ ಆ ಕಲ್ಲು ಹೀರಿದ್ದನ್ನೆಲ್ಲ ಮತ್ತೆ ನೀರಿಗೇ ಬಿಡುತ್ತದೆ.

ಬಾಟಲಿ ಬ್ಯಾಕ್ಟೀರಿಯಾಕ್ಕಿಂತ ನನಗೆ ನಂಬಿಕೆ, ರೋಗವಿಲ್ಲದ ಹಳೆಯ ಟ್ಯಾಂಕಿನಿಂದ ಒದ್ದೆಯಾಗಿಯೇ ತಂದ ಫಿಲ್ಟರ್ ಸ್ಪಾಂಜಿನ ಮೇಲೆ. ಅದನ್ನು ಹಿಂಡುವುದಿದ್ದರೂ ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ. ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಕ್ಲೋರಿನ್ನಿಗೆ ಬ್ಯಾಕ್ಟೀರಿಯಾ ಸತ್ತು, ಮತ್ತೆ ಮೊದಲ ವಾರದಿಂದಲೇ ಶುರು ಮಾಡಬೇಕಾದೀತು.