ಒಣ ರೊಟ್ಟಿ ಒಣ ಕಸವಲ್ಲ

ಕಸ ವಿಂಗಡಣೆಯ ಸಲಹೆಗೆಂದು ಕಲಬುರಗಿ ಸುತ್ತಿನ ಯಾವ ಕ್ಯಾಂಪಸ್ಸಿಗೆ ಹೋದರೂ ನಾನು ಮೊದಲು ತೆರೆದು ನೋಡುವುದು ಹಾಸ್ಟೆಲ್ ಮೆಸ್ಸಿನ ನೀಲಿ ಡಬ್ಬಿಯನ್ನು. ರದ್ದಿ, ಬಾಟಲಿಗಳ ನಡುವೆ ಖಡಕ್ ರೊಟ್ಟಿಯ ತುಂಡು, ಶೇಂಗಾ ಸಿಪ್ಪೆ ಇದ್ದೇ ಇರುತ್ತವೆ. ಕೇಳಿದರೆ ಹುಡುಗರು, "ಒಣಗ್ಯಾದಲ್ರೀ ಸರ, ಅದಕ್ಕ ಒಣ ಕಸದಾಗ ಹಾಕೀವಿ" ಅನ್ನುತ್ತಾರೆ. ಅರ್ಧ ನೀರಿರುವ ಬಾಟಲಿ ಮಾತ್ರ ಹಸಿರು ಡಬ್ಬಿಯಲ್ಲಿ!

ಇದು ಹುಡುಗರ ಸೋಮಾರಿತನವಲ್ಲ. 'ಹಸಿ', 'ಒಣ' ಎಂಬ ನಮ್ಮ ಪದಗಳೇ ಅವರ ದಾರಿ ತಪ್ಪಿಸುತ್ತಿವೆ. 2016ರ ಘನತ್ಯಾಜ್ಯ ನಿಯಮಗಳು ಬೇರ್ಪಡಿಸಲು ಹೇಳಿದ್ದು ಕೊಳೆಯುವುದನ್ನು, ಕೊಳೆಯದ್ದನ್ನು, ಮನೆಬಳಕೆಯ ಅಪಾಯಕಾರಿ ಕಸವನ್ನು. ಮುಟ್ಟಿದರೆ ಕೈಗೆ ತೇವ ಹತ್ತುತ್ತದೋ ಇಲ್ಲವೋ ಎಂಬುದು ಲೆಕ್ಕಕ್ಕೇ ಇಲ್ಲ. ನಮ್ಮ ಮೇ ತಿಂಗಳ ಬಿಸಿಲಿಗೆ ಬದನೆಕಾಯಿ ತೊಟ್ಟೂ ಮಧ್ಯಾಹ್ನದೊಳಗೆ ಕಡ್ಡಿಯಂತಾಗುತ್ತದೆ. ಆದರೂ ಅದು ಹಸಿ ಕಸವೇ. ಮಳೆಯಲ್ಲಿ ನೆನೆದ ಪ್ಲಾಸ್ಟಿಕ್ ಚೀಲ ಒಣ ಕಸವೇ.

ಈ ಒಂದು ತಪ್ಪು ಎರಡೂ ಕಡೆ ಕೆಡಿಸುತ್ತದೆ. ರೊಟ್ಟಿಗೆ ಇಲಿ ಬರುತ್ತದೆ, ಪಲ್ಯದ ಜಿಡ್ಡು ಕಾಗದಕ್ಕೆ ಹತ್ತುತ್ತದೆ, ರದ್ದಿಯವನು ಇಡೀ ಚೀಲವನ್ನೇ ಬೇಡವೆನ್ನುತ್ತಾನೆ. ಅತ್ತ ಗೊಬ್ಬರದ ಗುಂಡಿಗೆ ಸಾಂಬಾರು, ಅನ್ನ ಮಾತ್ರ ಸೇರಿ ಗಾಳಿಯಾಡದೆ ನಾರುತ್ತದೆ. ಆ ಗುಂಡಿಗೆ ಪದರ ಪದರವಾಗಿ ಬೇಕಿದ್ದದ್ದೇ ಒಣಗಿದ ಬೇವಿನೆಲೆ. ಅದನ್ನು ಗುಡಿಸಿ, 'ಒಣ ಕಸ' ಅಂತ ಮೂಲೆಯಲ್ಲಿ ಸುಟ್ಟಿರುತ್ತಾರೆ. ಇದನ್ನು ಕಂಡಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಒಂದು ಕ್ಯಾಂಪಸ್ಸಿನಲ್ಲಿ ಅರ್ಧ ತಾಸು ಇದನ್ನೇ ವಿವರಿಸುತ್ತಿದ್ದೆ. ಗುಡಿಸುವ ಅವ್ವ ಒಬ್ಬರು ಪೊರಕೆ ಗೋಡೆಗೆ ಒರಗಿಸಿ, "ರೊಟ್ಟಿ ಎಮ್ಮಿ ತಿಂತದ, ಬಾಟ್ಲಿ ತಿಂತದೇನ್ರೀ ಸರ? ಇಷ್ಟ ಹೇಳ್ರಿ ಅವ್ರಿಗಿ" ಎಂದರು. ಅಂದಿನಿಂದ ನನ್ನ ತರಬೇತಿ ಶುರುವಾಗುವುದೇ ಎಮ್ಮೆಯಿಂದ. ಎಲ್ಲದಕ್ಕೂ ಇದು ಹೊಂದುವುದಿಲ್ಲ ಅನ್ನಿ. ಮೊಟ್ಟೆ ಸಿಪ್ಪೆ, ಚಹಾದ ಗಸಿ, ಮೂಳೆ ಎಮ್ಮೆಗೆ ಬೇಡ, ಆದರೂ ಹಸಿರು ಡಬ್ಬಿಗೇ ಹೋಗಬೇಕು. ಸ್ಯಾನಿಟರಿ ಪ್ಯಾಡು ಎರಡಕ್ಕೂ ಸೇರದು, ಸುತ್ತಿ ಬೇರೆಯೇ ಕೊಡಬೇಕು. ಚಹಾದ ಕಾಗದದ ಕಪ್ಪಿನ ಒಳಮೈಗೆ ಸಾಮಾನ್ಯವಾಗಿ ತೆಳು ಪ್ಲಾಸ್ಟಿಕ್ ಪದರ ಇರುತ್ತದೆ. ಅದು ಗೊಬ್ಬರವೂ ಆಗದು, ರದ್ದಿಯವನೂ ಒಯ್ಯುವುದಿಲ್ಲ. ಕ್ಯಾಂಟೀನಿನಲ್ಲಿ ಸ್ಟೀಲ್ ಲೋಟ ಇಡಿ ಎಂದು ನಾನು ಹಟ ಹಿಡಿಯುವುದು ಅದಕ್ಕೇ.

ಆಡಳಿತದವರು ನನ್ನಿಂದ ಬಯಸುವುದು ಹೊಸ ಬಣ್ಣದ ಡಬ್ಬಿಗಳ ಪಟ್ಟಿ. ದಯವಿಟ್ಟು ಆ ಖರೀದಿ ಒಂದು ತಿಂಗಳು ತಡೆಯಿರಿ. ಇರುವ ಡಬ್ಬಿಗಳ ಮೇಲೆ 'ಕೊಳೆಯುವುದು', 'ಕೊಳೆಯದ್ದು' ಎಂದು ದಪ್ಪಗೆ ಬರೆಸಿ, ಕೆಳಗೆ ರೊಟ್ಟಿಯ ಚಿತ್ರ, ಬಾಟಲಿಯ ಚಿತ್ರ ಅಂಟಿಸಿ. ಆಮೇಲೆ ಒಂದು ಸಂಜೆ ಊಟ ಮುಗಿದ ಹೊತ್ತಿಗೆ ವಾರ್ಡನ್ ಮತ್ತು ನಾನು ಜತೆಗೇ ಮುಚ್ಚಳ ತೆಗೆದು ನೋಡೋಣ.