ಆಮೆ ಅಡ್ಜಸ್ಟ್ ಮಾಡಿಕೊಳ್ಳಲ್ಲ

"ಸ್ವಲ್ಪ ದಿನ ಹೋದ್ರೆ ಅಡ್ಜಸ್ಟ್ ಆಗುತ್ತೆ ಅಲ್ವಾ ಡಾಕ್ಟ್ರೇ?"

ಪಶುವೈದ್ಯನಾದ ನನಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಬಸ್ಸಿನಲ್ಲಿ ಮೂರು ಜನರ ಸೀಟಿಗೆ ನಾಲ್ಕನೆಯವರು ಕೂರುವಾಗ ಹಾಗೆ ಅಂದರೆ ಸರಿ. ಪ್ರಾಣಿಯ ಮುಂದೆ ಅಂದರೆ ತಲೆ ಬಿಸಿಯಾಗುತ್ತದೆ.

ಕಳೆದ ಮಳೆಗಾಲದಲ್ಲಿ ಒಬ್ಬ ತಾಯಿ, ಮೂರನೇ ಕ್ಲಾಸಿನ ಮಗ, ಒಂದು ಪ್ಲಾಸ್ಟಿಕ್ ಟಬ್ ಬಂದವು. ಟಬ್ಬಿನಲ್ಲಿ ಅರ್ಧ ನೀರು. ನೀರಿನಲ್ಲಿ ಅಂಗೈಯಗಲದ ನಕ್ಷತ್ರ ಆಮೆ, ಕತ್ತು ಮೇಲೆ ಚಾಚಿ ಒದ್ದಾಡುತ್ತಿತ್ತು. ಮೂಗಿನಲ್ಲಿ ಗುಳ್ಳೆ. ಮನೆಗೆ ಅದೃಷ್ಟ ಅಂತ ಯಾರೋ ಕೊಟ್ಟಿದ್ದರಂತೆ.

"ಆಮೆ ನೀರಲ್ಲೇ ತಾನೆ ಇರೋದು?" ಅಂದರು ತಾಯಿ.

ಹುಡುಗನನ್ನು ಕರೆದು ಆಮೆಯ ಕಾಲು ತೋರಿಸಿದೆ. ಪುಟ್ಟ ಆನೆಯ ಕಾಲಿನ ಹಾಗೆ ದಪ್ಪ, ಮೊಂಡು. ಕೆರೆಯ ಆಮೆಗಾದರೆ ಬೆರಳುಗಳ ನಡುವೆ ಪೊರೆ ಇರುತ್ತದೆ, ಚಿಪ್ಪೂ ಚಪ್ಪಟೆ. ಇದರದ್ದು ಗುಮ್ಮಟ. ಇದು ಒಣನಾಡಿನ ಕುರುಚಲು ಕಾಡಿನ ಜೀವ. ಹುಲ್ಲು, ಸೊಪ್ಪು, ಉದುರಿದ ಹಣ್ಣು ತಿನ್ನುತ್ತದೆ. ನೀರನ್ನು ಎಷ್ಟು ಉಳಿಸುತ್ತದೆ ಅಂದರೆ, ಇದರ ಮೂತ್ರದಲ್ಲಿ ಬಿಳಿ ಸುಣ್ಣದಂಥ ಗಸಿ ಬರುತ್ತದೆ. ಅದನ್ನು ಕಂಡು ಗಾಬರಿಯಾಗಿ ಫೋನ್ ಮಾಡುವವರೂ ಇದ್ದಾರೆ. ಸ್ವಲ್ಪ ಮೆತ್ತಗಿದ್ದರೆ ಚಿಂತೆಯಿಲ್ಲ. ಕಲ್ಲಿನಂತೆ ಗಟ್ಟಿಯಾಗಿದ್ದರೆ ತೋರಿಸಿ.

ಹುಡುಗ ಕೇಳಿದ: "ನೀರಲ್ಲೇ ಇಟ್ರೆ ಕಾಲಿಗೆ ಪೊರೆ ಬರಲ್ವಾ?"

"ನೀನು ದಿನಾ ಬಕೆಟ್ಟಿನಲ್ಲಿ ಕಾಲಿಟ್ಟು ಕೂತರೆ ಬರುತ್ತಾ?"

"ಇಲ್ಲ. ಅಮ್ಮ ಬೈತಾರೆ."

ಅಲ್ಲಿಗೇ ಬಿಡಬಹುದಿತ್ತು. ಆದರೆ ಎಲ್ಲರೂ ಎಡವುವುದು ಇಲ್ಲೇ, ಅದಕ್ಕೆ ಮತ್ತೆ ಹೇಳುತ್ತೇನೆ. ಪಾಠದ ಪುಸ್ತಕದಲ್ಲಿ "ಹೊಂದಾಣಿಕೆ" ಅಂತ ಓದುತ್ತೀರಲ್ಲ, ಅದು ಒಂದು ಆಮೆ ತನ್ನ ಜೀವಮಾನದಲ್ಲಿ ಮಾಡಿಕೊಳ್ಳುವ ಕೆಲಸ ಅಲ್ಲ. ಬೆನ್ನ ಮೇಲೆ ನಕ್ಷತ್ರ ಬೇಕು ಅಂತ ಯಾವ ಆಮೆಯೂ ಕೂತು ಯೋಚಿಸಲಿಲ್ಲ. ಮರಿಗಳೆಲ್ಲ ಒಂದೇ ಥರ ಹುಟ್ಟುವುದಿಲ್ಲ. ಒಣಹುಲ್ಲಿನ ನೆರಳು ಬಿಸಿಲಿನಲ್ಲಿ ಚಿತ್ತಾರ ಚೆನ್ನಾಗಿ ಬೆರೆತ ಮರಿ ಮುಂಗುಸಿಯ ಕಣ್ಣಿಗೆ ಬೀಳುವುದು ಕಡಿಮೆ. ಅದು ಬದುಕಿತು, ಮೊಟ್ಟೆ ಇಟ್ಟಿತು. ಅದರ ಮರಿಗಳಲ್ಲೂ ಹೆಚ್ಚು ಬೆರೆತವು ಉಳಿದವು. ಹೀಗೆ ಸಾವಿರಾರು ತಲೆಮಾರು. ಬದಲಾದದ್ದು ಆಮೆಯ ವಂಶ. ನಿಮ್ಮ ಟಬ್ಬಿನಲ್ಲಿರುವ ಆಮೆಗೆ ಅಷ್ಟು ಪುರುಸೊತ್ತಿಲ್ಲ.

ಬೆಂಗಳೂರಿನ ಹಸ್ಕಿ ನಾಯಿಗಳ ಕಥೆಯೂ ಇದೇ. ಸೈಬೀರಿಯಾದ ಹಿಮಕ್ಕೆ ಒಗ್ಗಿದ ವಂಶ, ಮೈಮೇಲೆ ಎರಡು ಪದರ ಕೂದಲು. ಒಳಗೆ ಉಣ್ಣೆ, ಹೊರಗೆ ಒರಟು ಕೂದಲು. ಬೇಸಿಗೆ ಬಂದರೆ ಒಳಗಿನದು ಉದುರುತ್ತದೆ, ನಿಜ. ಅದರ ಮೈ ಮಾಡಿಕೊಳ್ಳುವುದು ಹೆಚ್ಚು ಕಡಿಮೆ ಅಷ್ಟೇ. "ಬೋಳಿಸಿಬಿಟ್ರೆ?" ಅಂತ ಕೇಳುತ್ತಾರೆ. ಸಾಮಾನ್ಯವಾಗಿ ಬೇಡ ಅನ್ನುತ್ತೇನೆ, ಹೊರಗಿನ ಕೂದಲು ಬಿಸಿಲನ್ನೂ ತಡೆಯುತ್ತದೆ. ಚರ್ಮರೋಗ ಇದ್ದರೆ ಮಾತು ಬೇರೆ, ನಾಯಿಯನ್ನು ನೋಡದೆ ಹೇಳಲಾರೆ.

ಆಮೆಗೆ ಬಂದಿದ್ದದ್ದು ಶ್ವಾಸಕೋಶದ ಸೋಂಕು. ಬೆಚ್ಚಗೆ, ಒಣ ಜಾಗದಲ್ಲಿಟ್ಟು ಇಂಜೆಕ್ಷನ್ ಶುರು ಮಾಡಿದೆ. ಅವತ್ತೇ ಅರಣ್ಯ ಇಲಾಖೆಗೂ ಫೋನ್ ಮಾಡಿದೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಇದನ್ನು ಮನೆಯಲ್ಲಿಟ್ಟುಕೊಳ್ಳುವುದೇ ಅಪರಾಧ. ತಾಯಿಯ ಮುಖ ಸಣ್ಣದಾಯಿತು. ನಿಮ್ಮ ಮನೆಯಲ್ಲೂ ಇದ್ದರೆ ದಯವಿಟ್ಟು ನೀವೇ ಕಾಡಿಗೆ ಬಿಡಲು ಹೋಗಬೇಡಿ. ಸಾಕಿದ ಆಮೆಯ ರೋಗ ಕಾಡಿನ ಆಮೆಗಳಿಗೆ ಅಂಟಬಹುದು. ಇಲಾಖೆಗೆ ಒಪ್ಪಿಸಿ.

ಒಪ್ಪಿಸುವ ದಿನ ಹುಡುಗ ಎರಡು ದಾಸವಾಳ ತಂದಿದ್ದ. ಆಮೆ ಒಂದನ್ನು ತಿಂದಿತು. ಇನ್ನೊಂದರ ಮೇಲೆ ಕಾಲಿಟ್ಟುಕೊಂಡು ನಡೆಯಿತು.